ತಾರಸಿಯ ಮೇಲೆ ಸೋಲಾರ್: ಕೊಟೇಷನ್ನಿಗೆ ರುಜು ಹಾಕುವ ಮುನ್ನ

2024 ಮತ್ತು 2025ರಲ್ಲಿ ಕಾಫಿಗೆ ಬಂದ ಬೆಲೆಯ ದೆಸೆಯಿಂದ ನಮ್ಮ ಸದಸ್ಯರಲ್ಲಿ ಹಲವರು ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಮನೆ ಕಟ್ಟುವ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ. ಸಂತೋಷದ ಸಂಗತಿ. ಇದರ ಜೊತೆಗೆ ಸಂಘದ ಕಚೇರಿಗೆ ಒಂದು ಹೊಸ ಕೆಲಸವೂ ಬಂದಿದೆ. ಗೊಬ್ಬರಕ್ಕೋ ಮೈಲುತುತ್ತಕ್ಕೋ ಬಂದ ಸದಸ್ಯರು ಚೀಲದಿಂದ ಬಣ್ಣದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಸ್ವಲ್ಪ ನೋಡಿ ಹೇಳಿ" ಎನ್ನುತ್ತಾರೆ. ಹೊಸ ಮನೆಯ ತಾರಸಿಗೆ ಸೋಲಾರ್ ಕೂರಿಸುವ ಕಂಪನಿಗಳು ಕೊಟ್ಟ ಕೊಟೇಷನ್ನುಗಳು ಅವು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಪತ್ರಿಕೆಯಲ್ಲಿ ಬರೆದರೆ ಎಲ್ಲರಿಗೂ ಅನುಕೂಲವಾದೀತೆಂದು ಆಡಳಿತ ಮಂಡಳಿಯವರು ಸೂಚಿಸಿದ್ದರಿಂದ ಈ ಲೇಖನ.

ನಾವು ಇಂಜಿನಿಯರರಲ್ಲ. ಆದರೆ ನಮ್ಮ ಸ್ವಂತ ಮನೆಯ ತಾರಸಿಯ ಮೇಲೆ 2019ರಿಂದ 3 ಕಿಲೋವ್ಯಾಟ್ ಸೋಲಾರ್ ಇದೆ. ಅದರಿಂದ ಲಾಭವನ್ನೂ ಕಂಡಿದ್ದೇವೆ, ಪೆಟ್ಟನ್ನೂ ತಿಂದಿದ್ದೇವೆ. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುವ ಧೈರ್ಯ ಮಾಡುತ್ತೇವೆ.

ಮೊದಲು ಒಬ್ಬ ಸದಸ್ಯರ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಬೇಡ. ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿಯ ಹಿಡುವಳಿ. ಹಳೆಯ ಹಂಚಿನ ಮನೆಯ ಪಕ್ಕದಲ್ಲೇ ಆರ್.ಸಿ.ಸಿ. ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ನೋಡಿಸಿದ್ದರು. ಬೆಂಗಳೂರಿನಲ್ಲಿರುವ ಮಗ ಎರಡು ಕಂಪನಿಗಳಿಂದ ದರ ತರಿಸಿದ್ದ. ಒಂದರಲ್ಲಿ 3 ಕಿಲೋವ್ಯಾಟ್, 1,95,000 ರೂಪಾಯಿ. ಇನ್ನೊಂದರಲ್ಲಿ 5 ಕಿಲೋವ್ಯಾಟ್, 3,10,000 ರೂಪಾಯಿ. ಎರಡನೆಯದು "ನಾಲ್ಕೇ ವರ್ಷದಲ್ಲಿ ಬಂಡವಾಳ ವಾಪಸು, ಆಮೇಲೆ ಜೀವನಪರ್ಯಂತ ಕರೆಂಟು ಪುಕ್ಕಟೆ" ಎಂದು ದಪ್ಪ ಅಕ್ಷರದಲ್ಲಿ ಹೇಳಿತ್ತು. ಆ ವಾರದೊಳಗೆ ಮುಂಗಡ ಕೊಡದಿದ್ದರೆ ಸಬ್ಸಿಡಿ ತಪ್ಪುತ್ತದೆಂದು ಕಂಪನಿಯ ಹುಡುಗ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದನಂತೆ.

ಯಾವುದು ಒಳ್ಳೆಯದು ಎಂದು ಸದಸ್ಯರು ಕೇಳಿದರು. ಸೋಲಾರ್ ಯಾಕೆ ಬೇಕು ಎಂದು ನಾವು ಕೇಳಿದೆವು. ಅವರ ತಾಯಿಗೆ ಎಂಬತ್ತು ದಾಟಿದೆ. ಒಂದೂವರೆ ವರ್ಷದಿಂದ ಹಾಸಿಗೆಯಲ್ಲೇ. ಬೆನ್ನು ಹುಣ್ಣಾಗದಂತೆ ಡಾಕ್ಟರು ಗಾಳಿ ಹಾಸಿಗೆ ಹಾಕಿಸಿದ್ದಾರೆ. ಅದರ ಸಣ್ಣ ಪಂಪು ಹಗಲೂ ರಾತ್ರಿ ಓಡುತ್ತಿರಬೇಕು. ಹಿಂದಿನ ಮಳೆಗಾಲ ಪುನರ್ವಸು ಮಳೆಯಲ್ಲಿ ಮೂರು ದಿನ ಲೈನು ಬಂದಿರಲಿಲ್ಲ. ರಾತ್ರಿ ಎರಡು ತಾಸಿಗೊಮ್ಮೆ ಎದ್ದು ಮುದುಕಿಯನ್ನು ಮಗ್ಗುಲು ಬದಲಿಸಿ ಮಲಗಿಸಿದ್ದು ಸೊಸೆ. "ಆ ಕಷ್ಟ ಇನ್ನು ಬೇಡ ಅಂತಲೇ ಸೋಲಾರ್" ಎಂದರು.

ನಾವು ಎರಡು ಕೊಟೇಷನ್ನುಗಳನ್ನೂ ಆದಿಯಿಂದ ಅಂತ್ಯದವರೆಗೆ ಓದಿದೆವು. ಎರಡರಲ್ಲೂ ಬ್ಯಾಟರಿಯ ಹೆಸರೇ ಇರಲಿಲ್ಲ. ಅಂದರೆ ಮೂರು ಲಕ್ಷ ಸುರಿದ ಮೇಲೂ ಲೈನು ಹೋದ ಕ್ಷಣವೇ ಆ ಪಂಪು ನಿಲ್ಲುತ್ತಿತ್ತು.

ಲೈನು ಹೋದರೆ ಸೋಲಾರೂ ಹೋಗುತ್ತದೆ

ಇದನ್ನು ಹೇಳಿದಾಗ ಆ ಸದಸ್ಯರು ನಂಬಲಿಲ್ಲ. "ಅಲ್ಲ ಮಾರಾಯ್ರೇ, ಮೇಲೆ ಬಿಸಿಲು ಹೊಡೀತಾ ಇದ್ರೂ ಕೆಳಗೆ ಕರೆಂಟ್ ಇರಲ್ಲ ಅಂದ್ರೆ ಏನರ್ಥ?" ಎಂದರು. ಈ ಪ್ರಶ್ನೆಯನ್ನು ಇದುವರೆಗೆ ಹತ್ತು ಜನರಾದರೂ ಕೇಳಿದ್ದಾರೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ತಾರಸಿಯ ಪ್ಯಾನೆಲ್ಲುಗಳು ಹುಟ್ಟಿಸುವುದು ಬ್ಯಾಟರಿಯಲ್ಲಿರುವಂಥ ಡಿ.ಸಿ. ವಿದ್ಯುತ್ತು. ಅದನ್ನು ಮನೆಯಲ್ಲಿ ಬಳಸುವ ಎ.ಸಿ.ಗೆ ತಿರುಗಿಸುವುದು ಇನ್ವರ್ಟರು. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಕೊಡುವ, ಲೈನಿಗೆ ಜೋಡಿಸಿದ ಇನ್ವರ್ಟರು ತಾನೇ ತಾನಾಗಿ ಓಡುವುದಿಲ್ಲ. ಅದು ಲೈನಿನ ವೋಲ್ಟೇಜನ್ನು ನೋಡಿಕೊಂಡು ಅದರ ಜೊತೆ ಹೆಜ್ಜೆ ಹಾಕುತ್ತದೆ. ಲೈನು ಸತ್ತರೆ ಅದೂ ಕೂಡಲೇ ನಿಲ್ಲಬೇಕೆಂಬುದು ನಿಯಮ. ಕಾರಣ ಸರಳ. ಮರ ಬಿದ್ದು ತಂತಿ ಹರಿದಿದೆ, ಲೈನ್‌ಮನ್ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ತೆಗೆದು ಕಂಬ ಹತ್ತಿದ್ದಾನೆ ಎನ್ನೋಣ. ಆಗ ನಮ್ಮ ತಾರಸಿಯಿಂದ ಕರೆಂಟು ಹಿಮ್ಮುಖವಾಗಿ ಆ ತಂತಿಗೆ ಹರಿದರೆ ಅವನ ಗತಿಯೇನು? ಹಾಗಾಗಿ ಇದು ಕಂಪನಿಯ ಮೋಸವೇನಲ್ಲ, ಇರಲೇಬೇಕಾದ ರಕ್ಷಣೆ. ಮೋಸವಿರುವುದು ಅದನ್ನು ಗಿರಾಕಿಗೆ ಹೇಳದಿರುವುದರಲ್ಲಿ.

ವೋಲ್ಟೇಜಿನ ವಿಷಯವೂ ಇದೇ. 230 ವೋಲ್ಟಿಗೆ ಶೇಕಡ 80ಕ್ಕಿಂತ ಕೆಳಗೆ ಅಥವಾ ಶೇಕಡ 110ಕ್ಕಿಂತ ಮೇಲೆ, ಅಂದರೆ ಸುಮಾರು 184ರಿಂದ 253ರ ಮಿತಿಯಿಂದ ಹೊರಗೆ ಹೋದರೆ ಇನ್ವರ್ಟರು ಕಳಚಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಮನೆಗಳಲ್ಲಿ, ಸ್ಪ್ರಿಂಕ್ಲರ್ ಮೋಟಾರುಗಳೆಲ್ಲ ಒಟ್ಟಿಗೆ ಓಡುವ ಫೆಬ್ರವರಿ, ಮಾರ್ಚಿನಲ್ಲಿ ವೋಲ್ಟೇಜು 170ಕ್ಕೆ ಇಳಿಯುವುದು ನಮಗೆಲ್ಲ ಗೊತ್ತು. ಬಿಸಿಲು ಚೆನ್ನಾಗಿರುವುದೂ ಅದೇ ತಿಂಗಳುಗಳಲ್ಲಿ! ಆದುದರಿಂದ ಕೊಟೇಷನ್ನು ತರಿಸುವುದಕ್ಕೂ ಮೊದಲು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮನೆಯ ವೋಲ್ಟೇಜನ್ನು ನೋಡಿ ಬರೆದಿಡಿ. ಸ್ಟೆಬಿಲೈಸರಿನ ಮುಳ್ಳು ನೋಡಿದರೂ ಅಂದಾಜು ಸಿಗುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಲೈನು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಇರಲೇಬೇಕು. ಪ್ಯಾನೆಲ್ಲು, ಬ್ಯಾಟರಿ, ಲೈನು ಮೂರನ್ನೂ ಒಂದೇ ಯಂತ್ರಕ್ಕೆ ಜೋಡಿಸುವ ಹೈಬ್ರಿಡ್ ಇನ್ವರ್ಟರು ಒಂದು ದಾರಿ. ಬಿಲ್ಲಿನ ಉಳಿತಾಯಕ್ಕೆ ಒಂದು ವ್ಯವಸ್ಥೆ, ತುರ್ತಿಗೆ ಇನ್ನೊಂದು ಸಣ್ಣ ವ್ಯವಸ್ಥೆ ಎಂದು ಬೇರ್ಪಡಿಸುವುದು ಇನ್ನೊಂದು ದಾರಿ. ಇದರ ಖರ್ಚನ್ನು ಕೊನೆಯಲ್ಲಿ ನೋಡೋಣ.

ಮೊದಲು ಬಿಲ್ಲು, ಆಮೇಲೆ ಕಿಲೋವ್ಯಾಟು

ಕಂಪನಿಯವರು ತಾರಸಿಯನ್ನು ಅಳೆದು ಎಷ್ಟು ಪ್ಯಾನೆಲ್ಲು ಹಿಡಿಯುತ್ತದೋ ಅಷ್ಟಕ್ಕೆ ದರ ಬರೆಯುತ್ತಾರೆ. ಅಳೆಯಬೇಕಾದ್ದು ಮನೆಯ ಖರ್ಚನ್ನು. ಹೊಸ ಮನೆಗೆ ಹಿಂದಿನ ಬಿಲ್ಲಿಲ್ಲ ಎಂಬುದು ನಿಜ. ಆದರೆ ಹಳೆಯ ಮನೆಯ ಹನ್ನೆರಡು ತಿಂಗಳ ಬಿಲ್ಲಿದೆಯಲ್ಲ? ನಮ್ಮ ಸದಸ್ಯರದು ತಿಂಗಳಿಗೆ ಸರಾಸರಿ 140 ಯೂನಿಟ್ ಇತ್ತು. ಹೊಸ ಮನೆಗೆ ಬಟ್ಟೆ ಒಗೆಯುವ ಯಂತ್ರ, ಇನ್ನೆರಡು ಫ್ಯಾನು, ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್.ಪಿ. ಮೋಟಾರು ಸೇರಿಸಿ 180 ಎಂದು ಹಿಡಿದೆವು. ಸ್ನಾನಕ್ಕೆ ಹಂಡೆಯ ಒಲೆಯೇ. ತೋಟದ ಪಂಪುಸೆಟ್ಟಿನ ಆರ್.ಆರ್. ನಂಬರು ಬೇರೆ, ಮನೆಯ ಸೋಲಾರಿನಿಂದ ಅದರ ಲೆಕ್ಕಕ್ಕೇನೂ ಸಂಬಂಧವಿಲ್ಲ.

ಈಗ ಗೃಹಜ್ಯೋತಿಯ ವಿಚಾರ. ಇದನ್ನು ಯಾವ ಕೊಟೇಷನ್ನೂ ಹೇಳುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಹಳೆಯ ಸಂಪರ್ಕಗಳಿಗೆ 2022-23ರ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಹಿಂದಿನ ದಾಖಲೆಯಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇಕಡ 10, ಒಟ್ಟು 58 ಯೂನಿಟ್. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹಳೆಯ ಮನೆಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಟ್ಟದೇ ಇರುವ ಬಿಲ್ಲನ್ನು ಯಾವ ಸೋಲಾರೂ ಉಳಿಸಲಾರದು.

2025-26ನೆಯ ಸಾಲಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂ. 80 ಪೈಸೆ. ತೆರಿಗೆ, ಸರ್ಚಾರ್ಜು ಸೇರಿಸಿದರೆ ಸುಮಾರು 6 ರೂ. 70 ಪೈಸೆ. ಇದಲ್ಲದೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂ. ನಿಗದಿತ ಶುಲ್ಕ. ಈ ಶುಲ್ಕ ಸೋಲಾರ್ ಹಾಕಿದರೂ ತಪ್ಪದು.

ನಮ್ಮ ಸದಸ್ಯರು 180ರಲ್ಲಿ 58 ಕಳೆದು 122 ಯೂನಿಟ್ಟಿಗೆ ಹಣ ಕಟ್ಟುವವರು. ತಿಂಗಳಿಗೆ ಸುಮಾರು 815 ರೂ., ವರ್ಷಕ್ಕೆ 9,800 ರೂ. ಸೋಲಾರ್ ಎಷ್ಟೇ ದೊಡ್ಡದಿರಲಿ, ಬಿಲ್ಲಿನಲ್ಲಿ ಉಳಿಸಬಹುದಾದ್ದು ಇಷ್ಟೇ. ಇದರ ಮೇಲೆ ಹುಟ್ಟಿದ ಹೆಚ್ಚಿನ ಯೂನಿಟ್ ಲೈನಿಗೆ ಹೋಗುತ್ತದೆ. ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಅಡಿಕೆ ಮಾರುವಾಗಲೂ ಗೊಬ್ಬರ ಕೊಳ್ಳುವಾಗಲೂ ದರ ಇನ್ನೊಬ್ಬರೇ ಹೇಳುವುದು ನಮಗೆ ಹೊಸದಲ್ಲವಷ್ಟೆ.

ಈಗ ಆ "ನಾಲ್ಕೇ ವರ್ಷ"ದ ಲೆಕ್ಕವನ್ನು ಬಿಚ್ಚಿ ನೋಡಿದೆವು. ಕಿಲೋವ್ಯಾಟಿಗೆ ವರ್ಷಕ್ಕೆ 1,500 ಯೂನಿಟ್ಟಿನಂತೆ 5 ಕಿಲೋವ್ಯಾಟಿಗೆ 7,500 ಯೂನಿಟ್; ಯೂನಿಟ್ಟಿಗೆ 8 ರೂಪಾಯಿಯಂತೆ 60,000. ಸಬ್ಸಿಡಿ ಕಳೆದ ಬೆಲೆ 2,32,000. ಭಾಗಿಸಿದರೆ ನಾಲ್ಕು ವರ್ಷಕ್ಕಿಂತ ಕಡಿಮೆ. ಗಣಿತ ಸರಿಯಾಗಿದೆ, ಹಿಡಿದ ಅಂಕಿಗಳೇ ತಪ್ಪು. 1,500 ಯೂನಿಟ್ ಬಯಲುಸೀಮೆಯ ಮಾತು. ನೂರು ಅಂಗುಲ ಮಳೆ ಬೀಳುವ ನಮ್ಮಲ್ಲಿ 1,200ಕ್ಕಿಂತ ಹೆಚ್ಚು ಹಿಡಿಯಬಾರದೆಂಬುದು ನಮ್ಮ ಅಭಿಪ್ರಾಯ. ಹಾಗೆ 6,000 ಯೂನಿಟ್ ಬಂತೆನ್ನಿ. ಮನೆಗೆ ಬೇಕಾದ್ದು 2,160. ಉಳಿದ 3,840 ಯೂನಿಟ್ಟನ್ನು 2 ರೂ. 50 ಪೈಸೆಯಂತೆ ಹಿಡಿದರೆ 9,600 ರೂ. ಬಿಲ್ಲಿನ ಉಳಿತಾಯ 9,800 ಸೇರಿ 19,400. ಆದರೆ ಅವರ ಮಂಜೂರಾದ ಲೋಡು 3 ಕಿಲೋವ್ಯಾಟ್. 5 ಕಿಲೋವ್ಯಾಟ್ ಸೋಲಾರಿಗೆ ಲೋಡೂ 5ಕ್ಕೆ ಏರುತ್ತದೆ, ನಿಗದಿತ ಶುಲ್ಕ ವರ್ಷಕ್ಕೆ 3,480 ಹೆಚ್ಚುತ್ತದೆ. ಕೊನೆಗೆ ಕೈಗುಳಿಯುವುದು 15,900. ಬಂಡವಾಳ ವಾಪಸಾಗಲು ಹದಿನಾಲ್ಕು ವರ್ಷ ದಾಟುತ್ತದೆ. ಅಷ್ಟರಲ್ಲಿ ಇನ್ವರ್ಟರು ಒಮ್ಮೆಯಾದರೂ ಬದಲಾಗಬೇಕಾಗಿರುತ್ತದೆ.

ಅದೇ 2 ಕಿಲೋವ್ಯಾಟ್ ಹಾಕಿದರೆ? ವರ್ಷಕ್ಕೆ 2,400 ಯೂನಿಟ್. ಮನೆಯ ಖರ್ಚಿಗೆ ಸರಿಹೋಗುತ್ತದೆ. ನಾವು ಕೇಳಿ ತರಿಸಿದ ದರ 1,40,000. ಸಬ್ಸಿಡಿ 60,000 ಕಳೆದು 80,000. ಮಳೆಗಾಲದಲ್ಲಿ ಸ್ವಲ್ಪ ಬಿಲ್ಲು ಬರುವುದನ್ನು ಬಿಟ್ಟು ವರ್ಷಕ್ಕೆ 9,000 ಉಳಿತಾಯವೆಂದರೆ ಸುಮಾರು ಒಂಬತ್ತು ವರ್ಷ. ಗೃಹಜ್ಯೋತಿ ಇಲ್ಲದ ಮನೆಯಾಗಿದ್ದರೆ ಆರು ವರ್ಷದೊಳಗೇ ಬರುತ್ತಿತ್ತು. ಒಂಬತ್ತು ವರ್ಷವೆಂದರೆ ಕೆಟ್ಟ ಹೂಡಿಕೆಯೇನಲ್ಲ. ಒಂದು ಅಡಿಕೆ ಸಸಿ ನೆಟ್ಟು ಪೂರ್ತಿ ಫಸಲು ನೋಡುವಷ್ಟು ಕಾಲ. ಆದರೆ ನಾಲ್ಕು ವರ್ಷವೆಂದು ನಂಬಿ ಸಾಲ ಮಾಡುವವರ ಗತಿ ಬೇರೆ. ಎಲೆಚುಕ್ಕಿ ರೋಗ ಬಂದ ತೋಟಗಳವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸಬ್ಸಿಡಿಯ ಬಗ್ಗೆ ಎರಡು ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ನಿಲ್ಲುತ್ತದೆ. ನಾಲ್ಕನೆಯ, ಐದನೆಯ ಕಿಲೋವ್ಯಾಟಿಗೆ ಏನೂ ಇಲ್ಲ. ಕೆಲಸ ಮುಗಿದು, ಮೀಟರು ಕೂತು, ಪರಿಶೀಲನೆಯಾದ ಮೇಲೆ ಹಣ ನೇರವಾಗಿ ಗ್ರಾಹಕನ ಬ್ಯಾಂಕ್ ಖಾತೆಗೆ ಬರುತ್ತದೆ, ಕಂಪನಿಗೆ ಅಲ್ಲ. ಯೋಜನೆಯ ಅವಧಿ 2026-27ರವರೆಗೆ ಇರುವುದರಿಂದ "ಈ ವಾರವೇ" ಎಂಬ ಅವಸರಕ್ಕೆ ಅರ್ಥವಿಲ್ಲ. ಆರ್.ಆರ್. ನಂಬರು, ಬ್ಯಾಂಕ್ ಖಾತೆ, ಅರ್ಜಿ ಮೂರರಲ್ಲೂ ಹೆಸರು ಒಂದೇ ಇರಬೇಕು. ಮನೆ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕ ಗೃಹಬಳಕೆಗೆ ಬದಲಾದ ಮೇಲೆಯೇ ಅರ್ಜಿ ಹಾಕಿ.

ಮರದ ನೆರಳು, ಮಳೆಯ ಮೋಡ

ನಾವು ಆ ಮನೆಗೆ ಹೋಗಿ ನೋಡಿದೆವು. ತಾರಸಿಯ ದಕ್ಷಿಣಕ್ಕೆ ಮೂವತ್ತು ಅಡಿ ದೂರದಲ್ಲಿ ಸಿಲ್ವರ್ ಓಕಿನ ಸಾಲು, ಮರಕ್ಕೊಂದೊಂದು ಮೆಣಸಿನ ಬಳ್ಳಿ. ಕಂಪನಿಯ ಹುಡುಗ ಬಂದದ್ದು ಏಪ್ರಿಲಿನ ಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲಿದ್ದ, ನೆರಳೇ ಕಂಡಿರಲಿಲ್ಲ. ಡಿಸೆಂಬರಿನಲ್ಲಿ ನಮ್ಮ ಊರಿನ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. ತಾರಸಿಗಿಂತ 60 ಅಡಿ ಎತ್ತರವಿರುವ ಮರದ ನೆರಳು ಆಗ ಮಧ್ಯಾಹ್ನಕ್ಕೇ 44 ಅಡಿ ಚಾಚುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ 90 ಅಡಿ ದಾಟಿರುತ್ತದೆ. ಮಳೆ ಕಳೆದು ಬಿಸಿಲು ಬಿದ್ದ ಒಳ್ಳೆಯ ತಿಂಗಳುಗಳಲ್ಲೇ ಅರ್ಧ ತಾರಸಿ ಕತ್ತಲು.

ನೆರಳು ಬಿದ್ದಷ್ಟೇ ಭಾಗ ನಷ್ಟ ಎಂದುಕೊಳ್ಳಬಾರದು. ಪ್ಯಾನೆಲ್ಲುಗಳನ್ನು ಮಾಲೆಯಂತೆ ಸಾಲಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ಬಿದ್ದ ನೆರಳು ಸಾಲಿನ ಒಟ್ಟು ಉತ್ಪತ್ತಿಯನ್ನೇ ಎಳೆಯುತ್ತದೆ. ಇತ್ತೀಚಿನ ಪ್ಯಾನೆಲ್ಲುಗಳಲ್ಲಿ ಇದಕ್ಕೆ ಸ್ವಲ್ಪ ಪರಿಹಾರವಿದೆಯಾದರೂ ನೆರಳನ್ನು ಬಿಸಿಲು ಮಾಡುವ ಯಂತ್ರ ಇನ್ನೂ ಬಂದಿಲ್ಲ. ಮರ ಕಡಿಯಿರಿ ಎಂದು ಕಂಪನಿಯವರು ಸಲೀಸಾಗಿ ಹೇಳುತ್ತಾರೆ. ಫಸಲಿಗೆ ಬಂದ ಮೆಣಸಿನ ಬಳ್ಳಿ ಹೊತ್ತ ಮರವನ್ನು ವರ್ಷಕ್ಕೆ ಒಂಬತ್ತು ಸಾವಿರದ ಕರೆಂಟಿಗಾಗಿ ಕಡಿಯುವುದು ಯಾವ ಲೆಕ್ಕ? ಪ್ಯಾನೆಲ್ಲನ್ನೇ ತಾರಸಿಯ ಉತ್ತರದ ಅಂಚಿಗೆ ಸರಿಸಿ, ದಕ್ಷಿಣಕ್ಕೆ ಮುಖಮಾಡಿ ಕೂರಿಸುವುದು ವಾಸಿ. ಉತ್ತರದಂಚು ಆ ಮರಗಳಿಂದ 65 ಅಡಿ. ಹತ್ತು ಗಂಟೆಯಿಂದ ಎರಡೂವರೆಯವರೆಗೆ ಬಹುಪಾಲು ಬಿಸಿಲು ಸಿಗುತ್ತದೆ. 5 ಕಿಲೋವ್ಯಾಟಿಗೆ ಅಲ್ಲಿ ಜಾಗವಿಲ್ಲ, 2 ಕಿಲೋವ್ಯಾಟಿಗೆ ಇದೆ. ಸಿಲ್ವರ್ ಓಕು ಬೆಳೆಯುತ್ತಲೇ ಇರುತ್ತದೆಂಬುದನ್ನೂ ಮರೆಯಬಾರದು. ವರ್ಷವರ್ಷ ನೆರಳು ತೆಗೆಯುವಾಗ ಆ ಸಾಲಿನ ತುದಿಯನ್ನೂ ತೆಗೆಸಬೇಕು.

ಮಳೆಗಾಲದ ಮಾತು. ನಮ್ಮ ಮನೆಯ 3 ಕಿಲೋವ್ಯಾಟ್ ಫೆಬ್ರವರಿಯಲ್ಲಿ ದಿನಕ್ಕೆ 13 ಯೂನಿಟ್ ಕೊಡುತ್ತದೆ. ಜುಲೈಯಲ್ಲಿ ಐದಕ್ಕೆ ಇಳಿಯುತ್ತದೆ. ಗಾಳಿಮಳೆ ಹಿಡಿದ ದಿನ ಎರಡೂ ಮುಟ್ಟಿಲ್ಲ. ಕೊಟೇಷನ್ನಿನಲ್ಲಿ ವರ್ಷದ ಒಟ್ಟು ಉತ್ಪತ್ತಿ ಮಾತ್ರ ಬರೆದಿದ್ದರೆ ತಿಂಗಳುವಾರು ಬರೆದುಕೊಡಿ ಎಂದು ಕೇಳಿ. ಜುಲೈಗೂ ಫೆಬ್ರವರಿಗೂ ಒಂದೇ ಅಂಕಿ ಹಾಕಿದವರು ನಮ್ಮ ಸೀಮೆಯ ಮಳೆ ನೋಡಿದವರಲ್ಲ.

ತಾರಸಿಯನ್ನೇ ಕಣವನ್ನಾಗಿ ಬಳಸಿ ಮೆಣಸು, ಚೆರ್ರಿ ಒಣಗಿಸುವ ಮನೆಗಳಲ್ಲಿ ಕಿಲೋವ್ಯಾಟಿಗೆ ಹೆಚ್ಚುಕಡಿಮೆ ನೂರು ಚದರಡಿ ಹೋಗುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಪ್ಪರದಂತೆ ಎತ್ತರಕ್ಕೆ ಹಾಕಿಕೊಡುತ್ತೇವೆ ಎಂದರೆ ಕಬ್ಬಿಣದ ಖರ್ಚು ಹೆಚ್ಚು, ಗಾಳಿಯ ಎಳೆತವೂ ಹೆಚ್ಚು, ಕೆಳಗೆ ಬಿಸಿಲೂ ಇರದು.

ಕಾಗದದ ಸಣ್ಣ ಅಕ್ಷರಗಳು

ಮೊದಲ ಕೊಟೇಷನ್ನಿನಲ್ಲಿ "3 ಕಿಲೋವ್ಯಾಟ್" ಎಂದು ಮೇಲೆ ಇತ್ತು. ಕೆಳಗೆ ನೋಡಿದರೆ 540 ವ್ಯಾಟಿನ ಐದು ಪ್ಯಾನೆಲ್ಲು. ಗುಣಿಸಿದರೆ 2,700 ವ್ಯಾಟ್. ಮೂರಿದ್ದದ್ದು ಇನ್ವರ್ಟರು ಮಾತ್ರ. ಪ್ಯಾನೆಲ್ಲು, ಇನ್ವರ್ಟರುಗಳಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಬ್ಸಿಡಿ ಲೆಕ್ಕವಾಗುವುದರಿಂದ 78,000ದ ಬದಲು 72,600 ಬರುತ್ತಿತ್ತು. ಪ್ಯಾನೆಲ್ಲಿನ ವ್ಯಾಟನ್ನು ಎಣಿಕೆಯಿಂದ ಗುಣಿಸಿ ನೋಡುವುದಕ್ಕೆ ಯಾವ ಪದವಿಯೂ ಬೇಡ.

ಮುಂದಿನದು "ಅಥವಾ ತತ್ಸಮಾನ" ಎಂಬ ಎರಡು ಪದ. ಹೆಸರಾಂತ ಕಂಪನಿಯ ಪ್ಯಾನೆಲ್ಲು ಅಥವಾ ತತ್ಸಮಾನ ಎಂದು ಬರೆದರೆ ಯಾವುದನ್ನೂ ತಂದು ಕೂರಿಸಬಹುದು. ಆ ಪದಗಳನ್ನು ಹೊಡೆಸಿ ಮಾಡೆಲು ಸಹಿತ ಬರೆಸಿ. ಸಬ್ಸಿಡಿಗೆ ಸೆಲ್ಲೂ ಪ್ಯಾನೆಲ್ಲೂ ಎರಡೂ ದೇಶದೊಳಗೇ ತಯಾರಾದ ಡಿ.ಸಿ.ಆರ್. ಮಾಲೇ ಆಗಬೇಕು. ಅದಲ್ಲದ ಮಾಲು ಅಗ್ಗ. ಅಗ್ಗದ ದರ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. "25 ವರ್ಷ ವಾರಂಟಿ" ಎಂಬುದು ಸಾಧಾರಣವಾಗಿ ಪ್ಯಾನೆಲ್ಲಿನ ಉತ್ಪತ್ತಿ ಇಷ್ಟಕ್ಕಿಂತ ಕುಸಿಯದೆಂಬ ಭರವಸೆ. ಪ್ಯಾನೆಲ್ಲು ಕೆಟ್ಟರೆ ಬದಲಿಸುವ ವಾರಂಟಿ, ಇನ್ವರ್ಟರಿನ ವಾರಂಟಿ ಬೇರೆಬೇರೆ, ಅವಧಿಯೂ ಕಡಿಮೆ. ಮೂರನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಸಾಮಗ್ರಿ ಶೇಕಡ 70, ಕೆಲಸ ಶೇಕಡ 30 ಎಂಬ ಲೆಕ್ಕದಲ್ಲಿ ಒಟ್ಟು ತೆರಿಗೆ ಶೇಕಡ 13.8 ಇದ್ದದ್ದು ಈಗ 8.9. ಹಳೆಯ ತೆರಿಗೆಯ ಕೊಟೇಷನ್ನು ಇನ್ನೂ ಓಡಾಡುತ್ತಿರುವುದನ್ನು ನಾವೇ ಕಂಡಿದ್ದೇವೆ. ಮುಕ್ಕಾಲು ಒಂದು ಲಕ್ಷದಂಥ ಸಣ್ಣ ಕೆಲಸದಲ್ಲೂ ಇದು ಸಾವಿರಗಳ ಲೆಕ್ಕ.

ಇನ್ನು ನಾವು ತಿಂದ ಪೆಟ್ಟು. 2019ರಲ್ಲಿ ನಮ್ಮ ಮನೆಗೆ ಸೋಲಾರ್ ಕೂರಿಸಿದವರು ತಾರಸಿಯ ಸ್ಲ್ಯಾಬಿಗೇ ತೂತು ಕೊರೆದು ಬೋಲ್ಟು ಹಾಕಿದರು. ನಾವೂ ಸುಮ್ಮನೆ ನೋಡುತ್ತ ನಿಂತಿದ್ದೆವು. ಮರುವರ್ಷದ ಆರಿದ್ರಾ ಮಳೆಗೆ ಸುಲಿದ ಅಡಿಕೆ ಇಟ್ಟ ಕೋಣೆಯ ಮೂಲೆ ಒದ್ದೆಯಾಯಿತು. ನಾಲ್ಕು ಮೂಟೆ ಅಡಿಕೆಗೆ ಬೂಷ್ಟು ಹಿಡಿದ ಮೇಲೆಯೇ ನಮಗೆ ಗೊತ್ತಾದದ್ದು. ಫೋನು ಮಾಡಿದರೆ ಆ ನಂಬರು ಚಾಲ್ತಿಯಲ್ಲಿರಲಿಲ್ಲ. ಹೊಸ ಮನೆ ಕಟ್ಟುತ್ತಿರುವವರಿಗೆ ಈ ತಾಪತ್ರಯವೇ ಬೇಡ. ತಾರಸಿಗೆ ಗಾರೆ ಹಾಕುವ ಮೊದಲೇ ಕಾಂಕ್ರೀಟಿನ ಸಣ್ಣ ಕಂಬಗಳನ್ನು ಸ್ಲ್ಯಾಬಿನ ಜೊತೆ ಎಬ್ಬಿಸಿ ಬೋಲ್ಟು ಹುಗಿಸಿಬಿಡಿ. ವಯರಿಗೆ ಮೇಲಿಂದ ಮೀಟರಿನವರೆಗೆ ಒಂದು ಪೈಪು ಗೋಡೆಯೊಳಗೇ ಬಿಡಿಸಿ. ಪ್ಯಾನೆಲ್ಲು ತೊಳೆಯಲು ಒಂದು ನಲ್ಲಿ ಹಾಕಿಸಿ. ಮೇಸ್ತ್ರಿ ಇರುವಾಗ ಇದೆಲ್ಲ ಅರ್ಧ ದಿನದ ಕೆಲಸ.

ಕಬ್ಬಿಣದ ಚೌಕಟ್ಟು ಸತುವಿನಲ್ಲಿ ಅದ್ದಿದ್ದಾಗಿರಬೇಕು, ಬಣ್ಣ ಬಳಿದದ್ದಲ್ಲ; ನಮ್ಮ ಮಳೆಗೆ ಬಣ್ಣ ಎರಡು ವರ್ಷ ನಿಲ್ಲದು. ಅರ್ತಿಂಗಿಗೆ ಮೂರು ಗುಂಡಿ: ಪ್ಯಾನೆಲ್ಲಿನ ಕಡೆಗೊಂದು, ಎ.ಸಿ. ಕಡೆಗೊಂದು, ಸಿಡಿಲಿನ ಕಂಬಿಗೆ ಪ್ರತ್ಯೇಕವಾಗಿ ಒಂದು. ಏಪ್ರಿಲ್, ಮೇಯ ಸಿಡಿಲು ಎಂಥದೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಎರಡು ಕೊಟೇಷನ್ನುಗಳ ನಡುವಿನ ಹತ್ತು ಸಾವಿರದ ವ್ಯತ್ಯಾಸ ಹಲವು ಸಲ ಈ ಗುಂಡಿಗಳಲ್ಲೇ ಅಡಗಿರುತ್ತದೆ. ತಾರಸಿಯ ವಯರೆಲ್ಲ ಪೈಪಿನೊಳಗಿರಬೇಕು. ಮಂಗಗಳು ನೇತಾಡಿ ಕಿತ್ತ ವಯರಿಗೆ ಯಾವ ವಾರಂಟಿಯೂ ಇಲ್ಲ.

ಹಣ ಕೊಡುವ ರೀತಿ: ಪ್ಯಾನೆಲ್ಲು ಬಂದು ಇಳಿದ ದಿನವೇ ಪೂರ್ತಿ ಕೊಡಬೇಡಿ. ಪ್ಯಾನೆಲ್ಲು ಕೂತ ಮೇಲೂ ಮೆಸ್ಕಾಂ ಅಥವಾ ಚೆಸ್ಕಾಂನವರು ಪರೀಕ್ಷೆ ಮಾಡಿ ಎರಡೂ ಕಡೆ ಎಣಿಸುವ ಮೀಟರು ಹಾಕಬೇಕು. ಆ ಮೀಟರಿನ ಖರ್ಚು, ಓಡಾಟ ಯಾರದೆಂದು ಕೊಟೇಷನ್ನಿನಲ್ಲೇ ಇರಲಿ. ಮೀಟರು ಕೂತು ಓಡುವವರೆಗೆ ಐದರಲ್ಲೊಂದು ಪಾಲು ಹಣ ನಿಮ್ಮ ಕೈಯಲ್ಲಿರಲಿ. ಯೋಜನೆಯ ಪ್ರಕಾರ ಐದು ವರ್ಷದ ನಿರ್ವಹಣೆ ಕೂರಿಸಿದವರ ಹೊಣೆ. ಆ ಕೆಲಸಕ್ಕೆ ಬರುವ ಮನುಷ್ಯ ಯಾವ ಊರಿನಲ್ಲಿದ್ದಾನೆ, ಮಳೆಗಾಲದಲ್ಲಿ ನಮ್ಮ ರಸ್ತೆಗೆ ಬರುತ್ತಾನೆಯೇ ಎಂದು ಕೇಳಿ. ಐದು ಸಾವಿರ ಹೆಚ್ಚಾದರೂ ತಾಲ್ಲೂಕು ಕೇಂದ್ರದಲ್ಲಿ ಅಂಗಡಿಯಿರುವವರೇ ಮೇಲೆಂಬುದು ನಮ್ಮ ಅನುಭವ.

ಆ ಸದಸ್ಯರು ಮಾಡಿದ್ದು

ಅವರಿಗೆ ಎರಡು ದಾರಿಯ ದರವನ್ನು ತರಿಸಿಕೊಟ್ಟೆವು. ಮೊದಲನೆಯದು 2 ಕಿಲೋವ್ಯಾಟಿನ ಹೈಬ್ರಿಡ್, 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಸಹಿತ 2,70,000. ಬ್ಯಾಟರಿಗೆ ಸಬ್ಸಿಡಿ ಇಲ್ಲದ್ದರಿಂದ 60,000 ಮಾತ್ರ ಕಳೆದು 2,10,000. ಅಚ್ಚುಕಟ್ಟಾದ ವ್ಯವಸ್ಥೆ, ಆ ಬ್ಯಾಟರಿಗೆ ನೀರು ಹಾಕುವ ಕೆಲಸವೂ ಇಲ್ಲ. ಕೈಯಲ್ಲಿ ಹಣವಿರುವವರು ಇದನ್ನೇ ಹಾಕಿಸಿದರೆ ನಾವು ಬೇಡವೆನ್ನುವುದಿಲ್ಲ.

ಎರಡನೆಯದು, ಬಿಲ್ಲಿಗಾಗಿ ಸಾದಾ 2 ಕಿಲೋವ್ಯಾಟ್, ಸಬ್ಸಿಡಿ ಕಳೆದು 80,000. ತುರ್ತಿಗಾಗಿ ಲೈನಿಗೆ ಸಂಬಂಧವೇ ಇಲ್ಲದ ಎರಡು ಪ್ಯಾನೆಲ್ಲು, 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎರಡು, ಅದಕ್ಕೊಂದು ಇನ್ವರ್ಟರು, ಇದಕ್ಕೂ 80,000. ಒಂದು ಬ್ಯಾಟರಿಯಲ್ಲಿ 1.8 ಯೂನಿಟ್, ಆದರೆ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಹೀರಬಾರದು, ಎರಡರಿಂದ 1.8 ಯೂನಿಟ್ ಕೈಗೆ ಸಿಕ್ಕಿತೆನ್ನಿ. ಗಾಳಿ ಹಾಸಿಗೆಯ ಪಂಪು, ಒಂದು ಫ್ಯಾನು, ಮೂರು ಎಲ್.ಇ.ಡಿ. ದೀಪ ಸೇರಿ 90 ವ್ಯಾಟಿನೊಳಗೆ. ಹತ್ತು ತಾಸಿಗೆ 0.9 ಯೂನಿಟ್. ಏನೂ ತುಂಬಿಸದಿದ್ದರೂ ಎರಡು ರಾತ್ರಿ ಓಡುತ್ತದೆ. ಮಳೆಯ ಹಗಲಲ್ಲೂ ಎರಡು ಪ್ಯಾನೆಲ್ಲಿನಿಂದ ಒಂದು ಯೂನಿಟ್ಟಿನಷ್ಟು ತುಂಬಿದರೆ ಮೂರನೆಯ ರಾತ್ರಿಗೂ ಭಯವಿಲ್ಲ. ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು, ಡಿಸ್ಟಿಲ್ಡ್ ವಾಟರು ನೋಡಿ ಹಾಕುತ್ತಿರಬೇಕು. ಆದರೆ ಈ ಬಗೆಯ ಇನ್ವರ್ಟರು ಕೆಟ್ಟರೆ ರಿಪೇರಿ ಮಾಡುವವರು ನಮ್ಮ ಪೇಟೆಯಲ್ಲೇ ಮೂವರಿದ್ದಾರೆ.

ಸದಸ್ಯರು ಎರಡನೆಯದನ್ನೇ ಆರಿಸಿದರು. ಅದರಲ್ಲೂ ತುರ್ತಿನ ಭಾಗವನ್ನು ಗೃಹಪ್ರವೇಶಕ್ಕೆ ಮೊದಲೇ ಕೂರಿಸಿ, ಬಿಲ್ಲಿನ ಭಾಗವನ್ನು ಮೀಟರು ಅವರ ಹೆಸರಿಗಾದ ಮೇಲೆ ಹಾಕಿಸಿದರು. ಆ ಮಳೆಗಾಲ ಲೈನು ಒಟ್ಟು ಹನ್ನೊಂದು ದಿನ ಇರಲಿಲ್ಲ. ಒಂದು ಸಲ ನಾಲ್ಕನೆಯ ರಾತ್ರಿ ಬ್ಯಾಟರಿ ಕೆಳಗಿಳಿದು ಕೂಗಿತಂತೆ. ಫ್ಯಾನು ನಿಲ್ಲಿಸಿ ಪಂಪನ್ನು ಮಾತ್ರ ಓಡಿಸಿ ಬೆಳಗು ಮಾಡಿದರಂತೆ.

ಕೊಟೇಷನ್ನು ತಂದು ತೋರಿಸಬಯಸುವ ಸದಸ್ಯರು ಜೊತೆಯಲ್ಲಿ ಹಳೆಯ ಮನೆಯ ಹನ್ನೆರಡು ತಿಂಗಳ ಬಿಲ್ಲು, ಒಂದು ವಾರದ ವೋಲ್ಟೇಜಿನ ಚೀಟಿ, ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು ಗಂಟೆಗೆ ತೆಗೆದ ತಾರಸಿಯ ಫೋಟೋಗಳನ್ನು ತರಬೇಕಾಗಿ ಕೋರುತ್ತೇವೆ. ಸೋಮವಾರ, ಗುರುವಾರ ಮಧ್ಯಾಹ್ನ ಮೂರರ ಮೇಲೆ ಕಚೇರಿಯಲ್ಲಿರುತ್ತೇವೆ. ಅಡಿಕೆ ಟೆಂಡರಿನ ದಿನ ಮಾತ್ರ ದಯವಿಟ್ಟು ಬೇಡ.